ಕಟಪಾಡಿಯಿಂದ ಟ್ಯೂಬಿಂಗನ್‌ಗೆ: ಒಂದು ಸೆಮಿಸ್ಟರ್, ಒಂದು ಕಟ್ಟು ಕಾಗದ

ಮಂಗಳೂರಿನ ಒಂದು ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಎಂಎಸ್ಸಿ ಮಾಡುತ್ತಿದ್ದೆ. ಕೊನೆಯ ಸೆಮಿಸ್ಟರ್ ಅನ್ನು, ಅಂದರೆ 2025ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ, ವಿದ್ಯಾರ್ಥಿ ವಿನಿಮಯದಲ್ಲಿ ಹೋಗಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದೆ. ಇದಕ್ಕೆ ಸಂಬಂಧಪಟ್ಟ ಕೊನೆಯ ಕಾಗದದ ಕೆಲಸ ಮೊನ್ನೆಯಷ್ಟೇ ಮುಗಿಯಿತು. ಜೂನಿಯರ್‌ಗಳು ಒಬ್ಬೊಬ್ಬರಾಗಿ ಫೋನ್ ಮಾಡಿ, ಹೋಗುವುದು ಹೇಗೆ ಅಂತ ಕೇಳುತ್ತಿದ್ದಾರೆ. ಎಲ್ಲರಿಗೂ ಒಂದೇ ಸಲ ಹೇಳುವ ಅಂತ ಕೂತಿದ್ದೇನೆ.

ನಮ್ಮ ಮನೆ ಉಡುಪಿ ಹತ್ತಿರದ ಕಟಪಾಡಿ. ನಮ್ಮ ಕುಟುಂಬದಲ್ಲಿ ದುಬೈ, ಕುವೈತ್, ಮಸ್ಕತ್‌ಗೆ ಹೋದ ಮಾವಂದಿರು ಬೇಕಾದಷ್ಟು ಇದ್ದಾರೆ. ಯುರೋಪಿಗೆ ಹೋದವರು ಒಬ್ಬರೂ ಇಲ್ಲ. ಗಲ್ಫ್‌ನ ವೀಸಾ ಆದರೆ ಕಂಪನಿಯವರು ಮಾಡಿಸುತ್ತಾರೆ, ನಾವು ಪಾಸ್‌ಪೋರ್ಟ್ ಕೊಟ್ಟರೆ ಆಯಿತು. ಇದರಲ್ಲಿ ಹಾಗಲ್ಲ. ಪ್ರತಿಯೊಂದನ್ನೂ ನಾವೇ ಕೇಳಿ, ನಾವೇ ಓಡಾಡಿ ಮಾಡಿಸಬೇಕು. ಓದು ನನಗೆ ಅಷ್ಟು ಕಷ್ಟ ಆಗಲಿಲ್ಲ. ಯಾವ ಕಾಗದದ ನಂತರ ಯಾವ ಕಾಗದ ಅನ್ನುವುದು ಗೊತ್ತಿಲ್ಲದೆ ಹೋದದ್ದೇ ಕಷ್ಟ. ಒಂದು ಕಾಗದ ಕೈಗೆ ಬಾರದೆ ಮುಂದಿನದ್ದು ಹುಟ್ಟುವುದೇ ಇಲ್ಲ. ಆ ಸರದಿ ನಿಮಗೆ ಮೊದಲೇ ಗೊತ್ತಿದ್ದರೆ ಅರ್ಧ ನಿದ್ದೆ ಉಳಿಯುತ್ತದೆ.

ಎಲ್ಲಕ್ಕಿಂತ ಮೊದಲು ಕಾಲೇಜು ನಮ್ಮನ್ನು ನಾಮಿನೇಟ್ ಮಾಡಬೇಕು, ಅಂದರೆ ಇವರನ್ನು ಕಳಿಸುತ್ತೇವೆ ಅಂತ ಹೆಸರು ಕೊಡಬೇಕು. ವಿನಿಮಯದಲ್ಲಿ ಹೋಗುವವರು ನೇರವಾಗಿ ಅಲ್ಲಿಗೆ ಅರ್ಜಿ ಹಾಕಲು ಆಗುವುದಿಲ್ಲ. 2024ರ ಮಳೆಗಾಲ ಮುಗಿಯುವ ಹೊತ್ತಿಗೆ ನೋಟಿಸ್ ಬೋರ್ಡಿನಲ್ಲಿ ಒಂದು ಸಣ್ಣ ಕಾಗದ ಬಂತು. ಅಂಕಪಟ್ಟಿ, ಒಂದು ಪುಟದ ಬರಹ, ಸಣ್ಣ ಸಂದರ್ಶನ, ಅಷ್ಟೇ. ಸಂದರ್ಶನದಲ್ಲಿ "ಯಾಕೆ ಟ್ಯೂಬಿಂಗನ್?" ಅಂತ ಕೇಳಿದರು. ನಾನು ಇದ್ದದ್ದನ್ನೇ ಹೇಳಿದೆ. 1869ರಲ್ಲಿ ಫ್ರೀಡ್ರಿಶ್ ಮೀಶರ್ ಅನ್ನುವ ಯುವಕ ಆ ಊರಿನ ಕೋಟೆಯ ಹಳೇ ಅಡುಗೆ ಕೋಣೆಯಲ್ಲಿದ್ದ ಲ್ಯಾಬಿನಲ್ಲಿ, ಆಸ್ಪತ್ರೆಯ ಬ್ಯಾಂಡೇಜಿಗೆ ಅಂಟಿದ್ದ ಕೀವಿನಿಂದ ಮೊದಲ ಸಲ ನ್ಯೂಕ್ಲಿನ್ ಬೇರ್ಪಡಿಸಿದ. ಇವತ್ತು ನಾವು ಡಿಎನ್‌ಎ ಅನ್ನುವುದರ ಮೊದಲ ಗುರುತು ಅದು. ಡಿಗ್ರಿಯ ಮೊದಲ ವರ್ಷದಲ್ಲಿ ಇದನ್ನು ಓದಿದಾಗಿನಿಂದ ಆ ಕೋಣೆ ನೋಡಬೇಕು ಅಂತ ಆಸೆ ಇತ್ತು.

ಇನ್ನೊಂದು ಕಾರಣ ದುಡ್ಡು. ಟ್ಯೂಬಿಂಗನ್ ಇರುವುದು ಬಾಡನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ. ಅಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳು ಸೆಮಿಸ್ಟರಿಗೆ 1,500 ಯೂರೋ ಫೀಸು ಕಟ್ಟಬೇಕು. ವಿನಿಮಯದಲ್ಲಿ ಬಂದವರಿಗೆ ಅದು ಇಲ್ಲ. ನಾನು ಇಲ್ಲಿನ ಕಾಲೇಜಿನ ಫೀಸು ಕಟ್ಟಿದೆ, ಅಲ್ಲಿ ಸೆಮಿಸ್ಟರಿನ ಸಣ್ಣ ಶುಲ್ಕ ಮಾತ್ರ. ಅದೇ ರಾಜ್ಯದ ಹೆಸರಿನ ಒಂದು ಸ್ಕಾಲರ್‌ಶಿಪ್ ಕೂಡ ಉಂಟು, ಬಾಡನ್-ವ್ಯುರ್ಟೆಂಬರ್ಗ್ ಸ್ಟಿಪೆಂಡಿಯಂ ಅಂತ. ನನಗೆ ಸಿಗಲಿಲ್ಲ. ನೀವು ಖಂಡಿತ ಹಾಕಿ.

ನಾಮಿನೇಶನ್ ಆದ ಮೇಲೆ ಲರ್ನಿಂಗ್ ಅಗ್ರಿಮೆಂಟ್. ಅಲ್ಲಿ ಯಾವ ಯಾವ ಕೋರ್ಸ್ ತೆಗೆದುಕೊಳ್ಳುತ್ತೇವೆ, ಇಲ್ಲಿ ಅದನ್ನು ಯಾವುದಕ್ಕೆ ಸಮ ಅಂತ ಒಪ್ಪುತ್ತಾರೆ ಅನ್ನುವ ಪಟ್ಟಿ. ಯುರೋಪಿನಲ್ಲಿ ಓದನ್ನು ಇಸಿಟಿಎಸ್ ಅನ್ನುವ ಕ್ರೆಡಿಟ್‌ಗಳಲ್ಲಿ ಅಳೆಯುತ್ತಾರೆ, ಒಂದು ಸೆಮಿಸ್ಟರ್ ಅಂದರೆ 30 ಕ್ರೆಡಿಟ್. ಎರಡೂ ಕಡೆಯವರ ಸಹಿ ಬೇಕು. ಇದನ್ನು ಒಂದು ಫಾರ್ಮಾಲಿಟಿ ಅಂತ ಬಿಡಬೇಡಿ. ವಾಪಸ್ ಬಂದ ಮೇಲೆ ನಿಮ್ಮ ಪರ ಮಾತಾಡುವ ಕಾಗದ ಇದೊಂದೇ. ನಮ್ಮ ಕೋ-ಆರ್ಡಿನೇಟರ್ ಸರ್ ಕೂತು ಒಂದೊಂದು ಕೋರ್ಸಿನ ಸಿಲೆಬಸ್ ಓದಿ ಹೊಂದಿಸಿ ಕೊಟ್ಟರು. ಅವರ ಆ ಶ್ರಮದ ಬೆಲೆ ನನಗೆ ಗೊತ್ತಾದದ್ದು ಒಂದು ವರ್ಷ ಕಳೆದ ಮೇಲೆ.

ಇನ್ನು ಹೆಸರಿನ ಸಮಸ್ಯೆ. ನಮ್ಮ ಕಡೆಯವರಿಗೆ ಇದು ಬಂದೇ ಬರುತ್ತದೆ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಎರಡು ಇನಿಶಿಯಲ್ ಇದೆ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಪೂರ್ತಿ ಬರೆದಿದ್ದಾರೆ. ಆಧಾರ್‌ನಲ್ಲಿ ಮೂರನೇ ರೀತಿ. ಇಲ್ಲಿ ಯಾರಿಗೂ ಇದು ದೊಡ್ಡ ವಿಷಯವೇ ಅಲ್ಲ. ಹೊರದೇಶದವರಿಗೆ ಇವು ಮೂರು ಬೇರೆ ಬೇರೆ ಮನುಷ್ಯರ ಹೆಸರು. ಅರ್ಜಿ ಹಾಕಿದ ಒಂದು ಕಡೆಯಿಂದ ಇಮೇಲ್ ಬಂತು, ಇವರೆಲ್ಲ ಒಬ್ಬರೇ ಅನ್ನುವುದಕ್ಕೆ ಆಧಾರ ಕೊಡಿ ಅಂತ. ಹಂಪನಕಟ್ಟೆಯಲ್ಲಿ ಒಬ್ಬರು ನೋಟರಿಯ ಹತ್ತಿರ ಹೋದೆ. ಅವರು ಕೇಳಿದ ಕೂಡಲೇ, "ಒನ್ ಆಂಡ್ ದ ಸೇಮ್ ಅಲ್ವಾ? ದಿನಾ ಒಂದಾದರೂ ಬರ್ತದೆ" ಅಂದರು. ಸ್ಟಾಂಪ್ ಪೇಪರಿನಲ್ಲಿ ಮೂರೂ ಹೆಸರು ಬರೆದು, ಎಲ್ಲವೂ ಒಬ್ಬಳದ್ದೇ ಅಂತ ಅಫಿಡವಿಟ್ ಮಾಡಿಕೊಟ್ಟರು. ಇಂಗ್ಲಿಷಿನಲ್ಲೇ ಮಾಡಿಸಿ. ಮೂರು ನಾಲ್ಕು ಒರಿಜಿನಲ್ ಇಟ್ಟುಕೊಳ್ಳಿ. ಮುಂದಿನ ಪ್ರತಿ ಅರ್ಜಿಗೂ ನಾನು ಅದನ್ನು ಕೇಳದೆಯೇ ಜೋಡಿಸಿದೆ. ಮತ್ತೆ ಯಾರೂ ಪ್ರಶ್ನೆ ಎತ್ತಲಿಲ್ಲ. ಪಾಸ್‌ಪೋರ್ಟ್ ಇನ್ನೂ ಮಾಡಿಸದವರು ಇದ್ದರೆ, ಅಂಕಪಟ್ಟಿ ಎದುರಿಗೆ ಇಟ್ಟುಕೊಂಡೇ ಅದರ ಅರ್ಜಿ ತುಂಬಿಸಿ.

ಎಪಿಎಸ್ ಪ್ರಮಾಣಪತ್ರದ ಬಗ್ಗೆ ತುಂಬಾ ಜನ ಕೇಳುತ್ತಾರೆ. ನಮ್ಮ ಅಂಕಪಟ್ಟಿಗಳು ಅಸಲಿ ಅಂತ ಪರಿಶೀಲಿಸಿ ಕೊಡುವ ಕಾಗದ ಅದು. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳು ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ಅದನ್ನು ಕೊಡಬೇಕು. ಕೆಲವರಿಗೆ ವಿನಾಯಿತಿ ಇದೆ, ನಿಮ್ಮದು ಆ ಗುಂಪಿಗೆ ಬರುತ್ತದಾ ಅಂತ ಮೊದಲೇ ಕೇಳಿ. ನಾನು ಆ ಗೊಂದಲ ಬೇಡ ಅಂತ ಮಾಡಿಸಿಯೇ ಬಿಟ್ಟೆ. 18,000 ರೂಪಾಯಿ. ವಾರಗಟ್ಟಲೆ ಕಾಯಬೇಕು. ನಾಮಿನೇಶನ್ ಆದ ವಾರವೇ ಇದಕ್ಕೆ ಕೈ ಹಾಕಿದ್ದರಿಂದ ಡಿಸೆಂಬರ್ ಮುಗಿಯುವ ಮೊದಲು ಕೈಗೆ ಬಂತು. ಅಷ್ಟರಲ್ಲಿ ಟ್ಯೂಬಿಂಗನ್‌ನ ಪ್ರವೇಶ ಪತ್ರವೂ ಬಂತು.

ಆಮೇಲೆ ಬಂದದ್ದೇ ದೊಡ್ಡ ಗುಡ್ಡ. ಬ್ಲಾಕ್ಡ್ ಅಕೌಂಟ್.

ಅಲ್ಲಿ ಬದುಕಲು ನಮ್ಮ ಹತ್ತಿರ ದುಡ್ಡು ಇದೆ ಅಂತ ಜರ್ಮನಿಗೆ ತೋರಿಸಬೇಕು. ತಿಂಗಳಿಗೆ 992 ಯೂರೋ ಲೆಕ್ಕ. ಆರು ತಿಂಗಳಿಗೆ 5,952 ಯೂರೋ. ಅದನ್ನು ಮೊದಲೇ ಒಂದು ಖಾತೆಗೆ ಹಾಕಿ ಇಡಬೇಕು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ನಮಗೇ ವಾಪಸ್ ಕೊಡುತ್ತಾರೆ. 2025ರ ಜನವರಿಯಲ್ಲಿ ಒಂದು ಯೂರೋಗೆ 90 ರೂಪಾಯಿಯ ಆಸುಪಾಸು ಇತ್ತು. ಅಂದರೆ ಐದೂ ಕಾಲು ಲಕ್ಷಕ್ಕೂ ಜಾಸ್ತಿ. ಅಪ್ಪನದ್ದು ಪೇಟೆಯಲ್ಲಿ ಸಣ್ಣ ಹಾರ್ಡ್‌ವೇರ್ ಅಂಗಡಿ. ಅಷ್ಟು ದುಡ್ಡು ಒಟ್ಟಿಗೆ ನಮ್ಮ ಮನೆಯಲ್ಲಿ ಎಲ್ಲಿಂದ? ಎಜುಕೇಶನ್ ಲೋನ್ ಕೇಳಲು ಹೋದೆವು. ಆ ಬ್ಯಾಂಕಿನಲ್ಲಿ ಪೂರ್ತಿ ಕೋರ್ಸಿಗಾದರೆ ಕೊಡುತ್ತೇವೆ, ಒಂದು ಸೆಮಿಸ್ಟರಿಗೆ ಅಂತ ಸ್ಕೀಮ್ ಇಲ್ಲ ಅಂದರು.

ರಾತ್ರಿ ಊಟಕ್ಕೆ ಕೂತಾಗ ಯಾರೂ ಮಾತಾಡಲಿಲ್ಲ. ನಾನು "ಬೇಡ ಅಪ್ಪ, ಇಲ್ಲೇ ಪ್ರಾಜೆಕ್ಟ್ ಮಾಡ್ತೇನೆ" ಅಂದೆ. ಅಮ್ಮ ಗಂಜಿಗೆ ಉಪ್ಪಿನಕಾಯಿ ಬಡಿಸುತ್ತಾ, ನನ್ನ ಮುಖ ನೋಡದೆ ಅಪ್ಪನಿಗೆ ಹೇಳಿದರು: "ಬಳೆ ಕಪಾಟಿನಲ್ಲಿ ಇದ್ದು ಎಂತ ಮಾಡ್ಲಿಕ್ಕುಂಟು? ನಾಳೆ ಸೊಸೈಟಿಗೆ ಹೋಗಿ ಬನ್ನಿ." ಮಾರನೇ ದಿನ ಅಮ್ಮನ ಬಳೆ, ಒಂದು ಸರ, ಅಜ್ಜಿಯ ಕಾಲದ ಬೆಂಡೋಲೆ ಅಡವಿಗೆ ಹೋದವು. ಉಳಿದದ್ದಕ್ಕೆ ಮಸ್ಕತ್‌ನ ಮಾವ ಕೈ ಹಿಡಿದರು. ಸೊಸೈಟಿಯ ಕೌಂಟರಿನಲ್ಲಿ ತಕ್ಕಡಿಯ ಮೇಲೆ ಆ ಬೆಂಡೋಲೆ ಇಟ್ಟು, ಕಲ್ಲಿನ ತೂಕ ಕಳೆದು ಗ್ರಾಂ ಬರೆಯುತ್ತಿದ್ದಾಗ ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಹೊರಗೆ ಬಂದು ಸ್ಕೂಟರ್ ಹತ್ತಿರ ನಿಂತೆ.

ದುಡ್ಡು ಕಳಿಸುವಾಗ ಒಂದು ಮಾತು ನೆನಪಿಡಿ. ನಮ್ಮ ಬ್ಯಾಂಕಿನಿಂದ ಹೊರಟ ಹಣ ನೇರವಾಗಿ ಆ ಖಾತೆಗೆ ಹೋಗುವುದಿಲ್ಲ. ನಡುವೆ ಇನ್ನೊಂದು ಬ್ಯಾಂಕ್ ಬರುತ್ತದೆ, ಅದು ತನ್ನ ಶುಲ್ಕ ಮುರಿದುಕೊಳ್ಳುತ್ತದೆ. ನನ್ನ ಹಣ ತಲುಪಿದಾಗ ಕೆಲವೇ ಯೂರೋ ಕಡಿಮೆ ಇತ್ತು. ಅಷ್ಟಕ್ಕೇ ಖಾತೆಯಲ್ಲಿ ಪೂರ್ತಿ ದುಡ್ಡು ಇದೆ ಅಂತ ವೀಸಾಕ್ಕೆ ಕೊಡಬೇಕಾದ ದೃಢೀಕರಣ ಪತ್ರ ನಿಂತಿತು. ಆ ಕೆಲವು ಯೂರೋ ಕಳಿಸಲು ಹೊರದೇಶಕ್ಕೆ ಹಣ ಕಳಿಸಲು ಬ್ಯಾಂಕಿಗೆ ಕೊಡುವ ಎ2 ಫಾರ್ಮ್ ಮತ್ತೆ, ಮತ್ತೆ ಶುಲ್ಕ, ಮತ್ತೆ ಒಂದು ವಾರ. ಬ್ಯಾಂಕಿನಲ್ಲಿ "ಶುಲ್ಕ ಎಲ್ಲ ನಮ್ಮದೇ" ಅನ್ನುವ ಆಯ್ಕೆ ಇರುತ್ತದೆ, ಅದನ್ನೇ ಹಾಕಿಸಿ. ಜೊತೆಗೆ ಐವತ್ತು ಯೂರೋ ಜಾಸ್ತಿ ಕಳಿಸಿ. ಹೆಚ್ಚಿದ್ದರೆ ಅದು ನಿಮಗೇ ವಾಪಸ್ ಬರುತ್ತದೆ.

ವೀಸಾಕ್ಕೆ ಬೆಂಗಳೂರಿಗೇ ಹೋಗಬೇಕು. ನಮ್ಮ ರಾಜ್ಯದವರ ಅರ್ಜಿ ನೋಡುವ ಜರ್ಮನ್ ಕಾನ್ಸುಲೇಟ್ ಇರುವುದು ಅಲ್ಲಿ. ಅಪಾಯಿಂಟ್‌ಮೆಂಟ್ ಸಿಗುವುದೇ ಒಂದು ತಪಸ್ಸು. ದಿನಾ ಬೆಳಿಗ್ಗೆ ಎದ್ದು ಲ್ಯಾಪ್‌ಟಾಪ್ ತೆರೆದು ನೋಡುವುದು, ಎಲ್ಲ ದಿನಾಂಕವೂ ಬೂದು ಬಣ್ಣ. ಒಂದು ದಿನ ಮಧ್ಯಾಹ್ನ ಯಾರೋ ಬಿಟ್ಟ ಜಾಗ ಇರಬೇಕು, ಫೆಬ್ರವರಿಯ ಒಂದು ದಿನ ಸಿಕ್ಕಿತು. ಬೆಳಿಗ್ಗೆ ಮಾತ್ರ ನೋಡಿ ಬಿಡಬೇಡಿ.

ಅಪ್ಪನೂ ಬಂದರು. ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ ಹೋದೆವು. ಇಬ್ಬರಿಗೂ ನಿದ್ದೆ ಇಲ್ಲ. ಫೈಲು ಅಪ್ಪನ ತೊಡೆಯ ಮೇಲೆಯೇ ಇತ್ತು. ಅರ್ಜಿ, ಪಾಸ್‌ಪೋರ್ಟ್, ಪ್ರವೇಶ ಪತ್ರ, ನಾಮಿನೇಶನ್ ಪತ್ರ, ಎಪಿಎಸ್, ಬ್ಲಾಕ್ಡ್ ಅಕೌಂಟಿನ ದೃಢೀಕರಣ, ಇನ್ಶೂರೆನ್ಸ್, ಅಂಕಪಟ್ಟಿಗಳು, ಯಾಕೆ ಹೋಗುತ್ತೇನೆ ಅನ್ನುವ ಪತ್ರ, ಅಫಿಡವಿಟ್, ಎಲ್ಲವೂ ಎರಡೆರಡು ಸೆಟ್. ವೀಸಾ ಶುಲ್ಕ 75 ಯೂರೋ, ಅದನ್ನು ರೂಪಾಯಿಯಲ್ಲಿ ಕಟ್ಟುವುದು. ಕೌಂಟರಿನಲ್ಲಿದ್ದ ಹುಡುಗಿ ಒಂದೊಂದೇ ಕಾಗದ ತಿರುವಿ ಹಾಕಿ, ಇನ್ಶೂರೆನ್ಸ್ ಹತ್ತಿರ ನಿಂತಳು. ಜರ್ಮನಿಯ ವಿದ್ಯಾರ್ಥಿ ಇನ್ಶೂರೆನ್ಸ್ ಶುರುವಾಗುವುದು ಸೆಮಿಸ್ಟರ್ ಜೊತೆ, ಏಪ್ರಿಲ್ 1ಕ್ಕೆ. ನಾನು ಹೊರಡುವುದು ಮಾರ್ಚ್ ಕೊನೆಯ ವಾರ. ನಡುವಿನ ದಿನಗಳಿಗೆ ಟ್ರಾವೆಲ್ ಇನ್ಶೂರೆನ್ಸ್ ಬೇಕು. ಈ ವಿಷಯ ಯಾವ ಪಟ್ಟಿಯಲ್ಲೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಲ್ಲೇ ಕೂತು ಮೊಬೈಲಿನಲ್ಲಿ ಪಾಲಿಸಿ ತೆಗೆದು, ಪ್ರಿಂಟ್ ಹಾಕಿಸಿ ಕೊಟ್ಟೆ. ಗಾಜಿನ ಆಚೆ ಅಪ್ಪ ನಿಂತಿದ್ದರು. ನಾನು ಓಡಾಡುವುದು ನೋಡಿ ಅವರ ಮುಖ ಬಿಳಿಚಿತ್ತು.

ಆಮೇಲೆ ಕಾಯುವುದು. ಪಾಸ್‌ಪೋರ್ಟ್ ಅವರ ಹತ್ತಿರ, ಮನಸ್ಸೂ ಅಲ್ಲೇ. ಕಾಲೇಜಿನಲ್ಲಿ ಗೆಳತಿಯರು ಪ್ರಾಜೆಕ್ಟ್ ಶುರು ಮಾಡಿದ್ದರು. ನಾನು ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ. ಮನೆಗೆ ಬಂದವರೆಲ್ಲ "ಯಾವಾಗ ಹೊರಡುದು?" ಅಂತ ಕೇಳುವುದು ಬೇರೆ. ಅಮ್ಮ ಕಾಪು ಮಾರಿಯಮ್ಮನಿಗೆ ಹರಕೆ ಹೇಳಿಕೊಂಡರು. ಆ ವಾರಗಳಲ್ಲಿ ನಾನು ಜರ್ಮನ್ ಕಲಿತೆ. ಎ1 ಅನ್ನುವ ಮೊದಲ ಮಟ್ಟದಷ್ಟು, ಆನ್‌ಲೈನಿನಲ್ಲಿ. ಎಂಎಸ್ಸಿ ಪಾಠಗಳು ಇಂಗ್ಲಿಷಿನಲ್ಲೇ ಇದ್ದರೂ ಕಚೇರಿಗಳಲ್ಲಿ, ಅಂಗಡಿಗಳಲ್ಲಿ ಆ ಅಲ್ಪಸ್ವಲ್ಪ ಜರ್ಮನ್ ತುಂಬಾ ಉಪಯೋಗಕ್ಕೆ ಬಂತು. ನಿಮಗೂ ಕಾಯುವ ದಿನಗಳು ಇರುತ್ತವೆ, ಅದಕ್ಕೇ ಬಳಸಿ.

ಮಾರ್ಚ್ ಮಧ್ಯದಲ್ಲಿ ಕೊರಿಯರ್‌ನವನು ಅಂಗಡಿಗೆ ಬಂದು ಅಪ್ಪನ ಕೈಗೆ ಲಕೋಟೆ ಕೊಟ್ಟ. ಅಪ್ಪ ಅದನ್ನು ತೆರೆಯದೆ ಶಟರ್ ಅರ್ಧ ಎಳೆದು ಸೀದಾ ಮನೆಗೆ ತಂದರು. ವೀಸಾ ಸೆಪ್ಟೆಂಬರ್ ಕೊನೆಯವರೆಗೆ ಇತ್ತು. ಹಾಗಾಗಿ ಅಲ್ಲಿ ಹೋಗಿ ಮತ್ತೆ ರೆಸಿಡೆನ್ಸ್ ಪರ್ಮಿಟ್ ಮಾಡಿಸುವ ಕೆಲಸ ಬರಲಿಲ್ಲ. ಬಂದ ಕೂಡಲೇ ವೀಸಾದ ಮೇಲಿನ ಹೆಸರು, ದಿನಾಂಕ ಸರಿ ಇದೆಯಾ ನೋಡಿಕೊಳ್ಳಿ. ಟಿಕೆಟ್ ಆಗ ತೆಗೆದದ್ದು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ, ಹೋಗಿ ಬರಲು ಎಪ್ಪತ್ತು ಸಾವಿರದ ಹತ್ತಿರ ಬಿತ್ತು.

ಲಗೇಜಿನ ವಿಷಯ ಅಮ್ಮಂದಿರಿಗೆ ಮೊದಲೇ ಹೇಳಿಬಿಡಿ. ಹಾಲಿನ ಪದಾರ್ಥ, ಮಾಂಸದ ಪದಾರ್ಥ ಯುರೋಪಿಯನ್ ಒಕ್ಕೂಟದೊಳಗೆ ಒಯ್ಯುವ ಹಾಗಿಲ್ಲ. ತುಪ್ಪದ ಡಬ್ಬಿ, ಪೇಡ ಎರಡೂ ಹೊರಗೆ ಉಳಿದವು. ತಾಜಾ ಕರಿಬೇವಿನೆಲೆಯೂ ಬೇಡ. ತೆಂಗಿನಕಾಯಿಗೆ ಮಾತ್ರ ಅಡ್ಡಿ ಇಲ್ಲ. ಅನಾನಸು, ಬಾಳೆಹಣ್ಣು, ತೆಂಗು, ಖರ್ಜೂರ, ಡುರಿಯನ್, ಈ ಐದಕ್ಕೆ ಸಸ್ಯ ಪ್ರಮಾಣಪತ್ರ ಬೇಕಿಲ್ಲ. ಇದು ಗೊತ್ತಾದ ಮೇಲೆ ಅಮ್ಮನಿಗೆ ಭಾರೀ ಸಮಾಧಾನ. ಸುಲಿದ ಎರಡು ಕಾಯಿ, ಚಟ್ನಿಪುಡಿ, ಮಾವಿನ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಸಾರಿನ ಪುಡಿ ಸೂಟ್‌ಕೇಸಿಗೆ ಹೋದವು.

ಫ್ರಾಂಕ್‌ಫರ್ಟ್‌ನಿಂದ ರೈಲಿನಲ್ಲಿ ಸ್ಟುಟ್‌ಗಾರ್ಟ್, ಅಲ್ಲಿಂದ ಸುಮಾರು ಒಂದು ಗಂಟೆ ಟ್ಯೂಬಿಂಗನ್. ಹಾಸ್ಟೆಲ್ ಇದ್ದದ್ದು ಊರಿನ ಮೇಲೆ ಗುಡ್ಡದಲ್ಲಿ, ವಾಲ್ಡ್‌ಹೊಯ್ಸರ್ ಓಸ್ಟ್ ಅನ್ನುವ ಜಾಗ. ಒಂದು ಅಡುಗೆಮನೆಯನ್ನು ನಾವು ಕೆಲವರು ಹಂಚಿಕೊಳ್ಳುವುದು. ಬಾಡಿಗೆ ತಿಂಗಳಿಗೆ ಸುಮಾರು 330 ಯೂರೋ, ಮೊದಲೇ 400 ಯೂರೋ ಠೇವಣಿ. ಈ ರೂಮಿಗೆ ಪ್ರವೇಶ ಪತ್ರ ಬಂದ ದಿನವೇ ಅರ್ಜಿ ಹಾಕಿದ್ದೆ. ತಡ ಮಾಡಿದವರು ಖಾಸಗಿ ರೂಮು ಹುಡುಕಿ ಸುಸ್ತಾದರು. ಅಲ್ಲಿ ಎಲ್ಲರೂ ವಿದ್ಯಾರ್ಥಿಗಳೇ, ರೂಮು ಮಾತ್ರ ಸಾಲದು.

ಈಗ ಅಲ್ಲಿನ ಕಾಗದಗಳ ಸರದಿ. ಮನೆಗೆ ಸೇರಿದ ಎರಡು ವಾರದೊಳಗೆ ನಗರಸಭೆಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಹಾಸ್ಟೆಲಿನವರು ಕೊಡುವ ಮನೆ ಮಾಲೀಕರ ದೃಢೀಕರಣ ಪತ್ರ ಇಲ್ಲದೆ ಅದು ಆಗುವುದಿಲ್ಲ. ಬೀಗದ ಕೈ ಕೊಡುವಾಗಲೇ ಕೇಳಿ ಪಡೆಯಿರಿ. ನೋಂದಣಿಯ ಕಾಗದ ತೋರಿಸಿ ಅಲ್ಲಿ ಬ್ಯಾಂಕ್ ಖಾತೆ. ಆ ಖಾತೆಯ ನಂಬರ್ ಕೊಟ್ಟ ಮೇಲೆ ಬ್ಲಾಕ್ಡ್ ಅಕೌಂಟಿನಿಂದ ನಮ್ಮ ದುಡ್ಡು ನಮಗೆ. ಇಷ್ಟು ಆಗಲು ನನಗೆ ಏಪ್ರಿಲ್ ಪೂರ್ತಿ ಹೋಯಿತು.

ತಡ ಆದದ್ದಕ್ಕೆ ಕಾರಣ ಅಂಚೆ ಡಬ್ಬಿ. ಅಲ್ಲಿ ಬ್ಯಾಂಕಿನ ಕಾರ್ಡು ಒಂದು ಲಕೋಟೆಯಲ್ಲಿ, ಪಿನ್ ಇನ್ನೊಂದರಲ್ಲಿ, ಎಲ್ಲವೂ ಅಂಚೆಯಲ್ಲಿ ಬರುತ್ತದೆ. ಅಂಚೆಯವರು ನೋಡುವುದು ಡಬ್ಬಿಯ ಮೇಲಿನ ಹೆಸರನ್ನು. ರೂಮ್ ನಂಬರ್ ಅವರಿಗೆ ಬೇಕಿಲ್ಲ. ನನ್ನ ಡಬ್ಬಿಯ ಮೇಲೆ ಹಿಂದೆ ಇದ್ದ ಹುಡುಗನ ಹೆಸರೇ ಇತ್ತು, ಬದಲಾಯಿಸುವ ಕೇರ್‌ಟೇಕರ್ ಈಸ್ಟರ್ ರಜೆಯಲ್ಲಿದ್ದರು. ಅಷ್ಟರಲ್ಲಿ ಕಾರ್ಡು ಬಂದು, ಹೆಸರು ಕಾಣದೆ ವಾಪಸ್ ಹೋಗಿತ್ತು. ಪಕ್ಕದ ರೂಮಿನ ಕೊಲಂಬಿಯಾದ ಹುಡುಗಿ ಬಂದು, "ಇರು" ಅಂತ ಒಂದು ಬಿಳಿ ಟೇಪಿನ ಮೇಲೆ ನನ್ನ ಪಾಸ್‌ಪೋರ್ಟಿನಲ್ಲಿದ್ದ ಹಾಗೆ ಉದ್ದದ ಹೆಸರನ್ನು ಪೂರ್ತಿ ಬರೆದಳು. ಡಬ್ಬಿಯ ಅಗಲಕ್ಕೆ ಅದು ಸಾಲಲಿಲ್ಲ. ಎರಡು ಸಾಲು ಮಾಡಿ ಅಂಟಿಸಿದೆವು. ಮತ್ತೆ ಒಂದು ಲಕೋಟೆಯೂ ತಪ್ಪಲಿಲ್ಲ. ನೀವು ಸೂಟ್‌ಕೇಸ್ ಬಿಚ್ಚುವ ಮೊದಲು ಡಬ್ಬಿಗೆ ಹೆಸರು ಅಂಟಿಸಿ.

ಇದರಿಂದಲೇ ಹೇಳುತ್ತೇನೆ, ಮೊದಲ ಒಂದೂವರೆ ತಿಂಗಳಿನ ಖರ್ಚು ಬೇರೆಯಾಗಿ ಕೈಯಲ್ಲಿ ಇರಲಿ. ಸ್ವಲ್ಪ ನಗದು, ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿ. ಬ್ಲಾಕ್ಡ್ ಅಕೌಂಟಿನಲ್ಲಿ ಲಕ್ಷಗಟ್ಟಲೆ ಇದ್ದರೂ ಆ ಏಪ್ರಿಲ್‌ನಲ್ಲಿ ನಾನು ಬ್ರೆಡ್ಡಿನ ರೇಟ್ ನೋಡಿ ನೋಡಿ ತೆಗೆದುಕೊಳ್ಳುತ್ತಿದ್ದೆ. ಅಲ್ಲಿ ಭಾನುವಾರ ಅಂಗಡಿಗಳು ಇಲ್ಲವೇ ಇಲ್ಲ. ಈಸ್ಟರ್ ಸಮಯದಲ್ಲಿ ಶುಕ್ರವಾರ, ಭಾನುವಾರ, ಸೋಮವಾರ ಎಲ್ಲವೂ ಬಂದ್. ನೀರಿನ, ಪಾನೀಯದ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಇರುತ್ತದೆ, ಖಾಲಿ ಬಾಟಲಿ ಮೆಷಿನಿಗೆ ಹಾಕಿದರೆ ವಾಪಸ್ ಸಿಗುತ್ತದೆ. ನಲ್ಲಿಯ ನೀರು ಚೆನ್ನಾಗಿದೆ, ಬಾಟಲಿ ನೀರೇ ಬೇಡ.

ತಿಂಗಳಿಗೆ ಖರ್ಚು ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಬಾಡಿಗೆ ಹೇಳಿದೆ. ಹೆಲ್ತ್ ಇನ್ಶೂರೆನ್ಸ್ ಆಗ ಸುಮಾರು 140 ಯೂರೋ, ಇದು ತಪ್ಪಿಸಲು ಆಗದ ಖರ್ಚು. ದೇಶದ ಎಲ್ಲ ಸಿಟಿ ಬಸ್ಸು, ಲೋಕಲ್ ರೈಲು ಹತ್ತಬಹುದಾದ ಡಾಯ್ಚ್‌ಲಾಂಡ್ ಟಿಕೆಟ್ ಆಗ ತಿಂಗಳಿಗೆ 58 ಯೂರೋ. ರೇಡಿಯೋ-ಟಿವಿ ಶುಲ್ಕ ಅಂತ ತಿಂಗಳಿಗೆ 18.36 ಯೂರೋದ ಒಂದು ಪತ್ರ ಮನೆಗೆ ಬರುತ್ತದೆ, ನೋಡಿ ಮೋಸ ಅಂದುಕೊಳ್ಳಬೇಡಿ. ಟಿವಿ ಇಲ್ಲದಿದ್ದರೂ ಕಟ್ಟಬೇಕು. ಒಂದೇ ಫ್ಲಾಟಿನಲ್ಲಿ ಇರುವವರು ಹಂಚಿಕೊಳ್ಳಬಹುದು. ಊಟ ಮಧ್ಯಾಹ್ನ ಮೆನ್ಸಾದಲ್ಲಿ, ಅಂದರೆ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ, ರಾತ್ರಿ ನಾನೇ ಮಾಡುತ್ತಿದ್ದೆ. ಎಲ್ಲ ಸೇರಿ 850 ಯೂರೋದೊಳಗೆ ಮುಗಿಯುತ್ತಿತ್ತು.

ನಮ್ಮ ತುಳುನಾಡಿನ ಹೊಸ ವರ್ಷ ಬಿಸು ಬಂದಾಗ ಹೊಟ್ಟೆಯೊಳಗೆ ಹಿಂಡಿದ ಹಾಗಾಯಿತು. ಏಪ್ರಿಲ್ 14, ಪಾಠ ಇನ್ನೂ ಸರಿಯಾಗಿ ಶುರುವಾಗಿರಲಿಲ್ಲ. ಮನೆಯಲ್ಲಿ ಕಣಿ ಇಟ್ಟು ವಿಡಿಯೋ ಕಾಲ್ ಮಾಡಿದ್ದರು. ನಾನು ಅಮ್ಮನ ತೆಂಗಿನಕಾಯಿ ತೆಗೆದುಕೊಂಡು ಹೋಗಿ ಹಾಸ್ಟೆಲ್ ಎದುರಿನ ಕಲ್ಲಿನ ಮೆಟ್ಟಿಲ ಅಂಚಿಗೆ ಹೊಡೆದೆ. ಹೋಳಾಯಿತು, ನೀರು ಗ್ಲಾಸಿಗೆ ಹಿಡಿದೆ. ಹೆರೆಮಣೆ ಇಲ್ಲ. ಚಾಕುವಿನಲ್ಲಿ ಬಿಡಿಸಿ, ಮಿಕ್ಸಿಗೆ ಹಾಕಿ, ಹೆಸರುಬೇಳೆ ಪಾಯಸ ಮಾಡಿದೆ. ಕೊಲಂಬಿಯಾದವಳು, ಒಬ್ಬ ಟರ್ಕಿಯವನು, ಕೇರಳದ ಒಬ್ಬಳು, ಎಲ್ಲರೂ ಕೂತು ತಿಂದೆವು. ಅವತ್ತಿನಿಂದ ಆ ಅಡುಗೆಮನೆ ನನಗೆ ಪರಕೀಯ ಅನ್ನಿಸಲಿಲ್ಲ.

ಓದಿನ ಬಗ್ಗೆ ಎರಡೇ ಮಾತು. ಲರ್ನಿಂಗ್ ಅಗ್ರಿಮೆಂಟಿನಲ್ಲಿದ್ದ ಒಂದು ಕೋರ್ಸ್ ಆ ಸೆಮಿಸ್ಟರಿನಲ್ಲಿ ಇರಲಿಲ್ಲ. ಬದಲಿ ಕೋರ್ಸ್ ಹುಡುಕಿ ಕೂಡಲೇ ಇಲ್ಲಿನ ಸರ್‌ಗೆ ಕಳಿಸಿ, ಹೊಸ ಸಹಿ ಹಾಕಿಸಿಕೊಂಡೆ. ಆಮೇಲೆ ಮಾಡುವ ಅಂತ ಬಿಟ್ಟವರು ಒದ್ದಾಡಿದ್ದನ್ನು ನೋಡಿದ್ದೇನೆ. ಇನ್ನೊಂದು, ಕ್ಲಾಸಿಗೆ ಹೋದರೆ ಸಾಲದು. ಪರೀಕ್ಷೆಗೆ ಬೇರೆಯೇ ನೋಂದಣಿ ಮಾಡಬೇಕು, ಅದಕ್ಕೊಂದು ಕೊನೇ ದಿನಾಂಕ ಇರುತ್ತದೆ.

ಮೀಶರ್‌ನ ಲ್ಯಾಬ್ ನೋಡಲು ಕೋಟೆಗೆ ಹೋದೆ. ಈಗ ಅದು ವಿಶ್ವವಿದ್ಯಾಲಯದ ಮ್ಯೂಸಿಯಂ. ದಪ್ಪ ಕಲ್ಲಿನ ಗೋಡೆ, ಕಮಾನಿನ ಚಾವಣಿ, ತಣ್ಣಗಿನ ಕೋಣೆ. ನಮ್ಮ ಮಂಗಳೂರಿನ ಲ್ಯಾಬಿನಲ್ಲಿ ಇರುವ ಅರ್ಧ ಸೌಕರ್ಯವೂ ಅವನಿಗೆ ಇರಲಿಲ್ಲ. ನನಗೆ ಅಲ್ಲಿ ನಿಂತು ಕಣ್ಣು ತುಂಬಿ ಬಂತು. ಅಷ್ಟು ಸಾಲ, ಅಷ್ಟು ಕಾಗದ, ಎಲ್ಲ ಸಾರ್ಥಕ ಅನ್ನಿಸಿದ ಗಳಿಗೆ ಅದು. ಅದೇ ಊರಿನಲ್ಲಿ ಕನ್ನಡ ನಿಘಂಟಿನ ಕಿಟ್ಟೆಲ್ ಕೂಡ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ತೀರಿಕೊಂಡರು. ಆ ನಿಘಂಟು 1894ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಆ ಪ್ರೆಸ್ ಇದ್ದ ಬಲ್ಮಠದ ರಸ್ತೆಯಲ್ಲಿ ದಿನಾ ಓಡಾಡಿದವಳಿಗೆ ನೆಕ್ಕರ್ ನದಿಯ ಸೇತುವೆಯ ಮೇಲೆ ನಿಂತಾಗ ಈ ಊರು ಅಷ್ಟೇನೂ ದೂರ ಅಲ್ಲ ಅನ್ನಿಸಿತು.

ಜುಲೈ ಕೊನೆಗೆ ಪರೀಕ್ಷೆ ಮುಗಿಯಿತು. ಆಗಸ್ಟ್‌ನಲ್ಲಿ ಲ್ಯಾಬ್ ಕೆಲಸ. ಸೆಪ್ಟೆಂಬರ್‌ನಲ್ಲಿ ಹೊರಡುವ ಕಾಗದಗಳು: ವಿಳಾಸದ ನೋಂದಣಿ ರದ್ದು, ಇನ್ಶೂರೆನ್ಸ್ ರದ್ದು, ಟಿವಿ ಶುಲ್ಕ ರದ್ದು, ರೂಮು ಗುಡಿಸಿ ಒರೆಸಿ ಒಪ್ಪಿಸುವುದು. ಡಾಯ್ಚ್‌ಲಾಂಡ್ ಟಿಕೆಟಿನ ತಿಂಗಳ ಚಂದಾ ರದ್ದು ಮಾಡಲು ಕೂಡ ಮರೆಯಬೇಡಿ, ತಿಂಗಳ 10ರೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳದ್ದೂ ಕಡಿತ ಆಗುತ್ತದೆ. ಅಲ್ಲಿನ ಬ್ಯಾಂಕ್ ಖಾತೆಯನ್ನು ಮಾತ್ರ ಆಗಲೇ ಮುಚ್ಚಬೇಡಿ. ರೂಮಿನ ಠೇವಣಿ ವಾಪಸ್ ಬರಲು ವಾರಗಳು ಬೇಕು, ಅದು ಬರುವುದು ಆ ಖಾತೆಗೇ.

ಊರಿಗೆ ಬಂದ ಮೇಲೆ ಇನ್ನೊಂದು ಕಾಯುವಿಕೆ. ಅಲ್ಲಿನ ಕೆಲವು ಪ್ರೊಫೆಸರ್‌ಗಳು ಅಂಕ ಹಾಕಲು ತಿಂಗಳುಗಟ್ಟಲೆ ತೆಗೆದುಕೊಂಡರು. ಅಂಕಪಟ್ಟಿ ಅಕ್ಟೋಬರ್‌ನಲ್ಲಿ ಬಂತು. ಅಲ್ಲಿ 1.0 ಅಂದರೆ ಅತ್ಯುತ್ತಮ, 4.0 ಅಂದರೆ ಪಾಸು. ಇಲ್ಲಿ ನೂರಕ್ಕೆ ಇಷ್ಟು ಅಂತ ಬೇಕು. ಪರೀಕ್ಷಾ ವಿಭಾಗದಲ್ಲಿ ನನ್ನ 1.7 ನೋಡಿ, "ಇದೆಂತ ಮೇಡಂ, ಹತ್ತರಲ್ಲಾ?" ಅಂತ ಕೇಳಿದರು. ಕಂಪ್ಯೂಟರಿನಲ್ಲಿ ಅದನ್ನು ತುಂಬಿಸಲು ಜಾಗವೇ ಇರಲಿಲ್ಲ. ಸರ್ ಲರ್ನಿಂಗ್ ಅಗ್ರಿಮೆಂಟಿನ ಜೊತೆಗೇ ಅಂಕ ಪರಿವರ್ತನೆಯ ಕೋಷ್ಟಕ ಹಾಕಿ ಸಹಿ ಮಾಡಿಸಿ ಇಟ್ಟಿದ್ದರು. ಆ ಒಂದು ಹಾಳೆ ಇಲ್ಲದಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಅದನ್ನು ಸಭೆಯಲ್ಲಿ ಒಪ್ಪಿಸಲು ಮತ್ತೆ ಕೆಲವು ವಾರ. ಗೆಳತಿಯರಿಗೆ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗಿಯಾಗಿತ್ತು, ನನ್ನ ಅಂತಿಮ ಅಂಕಪಟ್ಟಿ ಮೊನ್ನೆ ಬಂದದ್ದು. ಕೊನೆಯ ಸೆಮಿಸ್ಟರ್ ಅಲ್ಲಿ ಓದುವವರು ಈ ತಡವನ್ನು ಲೆಕ್ಕಕ್ಕೆ ಹಿಡಿದೇ ಹೊರಡಿ. ಸಾಧ್ಯ ಇದ್ದರೆ ಮೂರನೇ ಸೆಮಿಸ್ಟರ್‌ಗೇ ಹೋಗಿ.

ಒಟ್ಟು ಖರ್ಚು ಆರೂವರೆ ಲಕ್ಷದ ಆಸುಪಾಸು ಆಯಿತು. ಜುಲೈ ಹೊತ್ತಿಗೆ ಯೂರೋ 100 ರೂಪಾಯಿ ಮುಟ್ಟಿತ್ತು, ದುಡ್ಡು ಜನವರಿಯಲ್ಲೇ ಕಳಿಸಿದ್ದರಿಂದ ಉಳಿದೆವು. ಠೇವಣಿಯ ಹಣ ಬಂತು, ಬ್ಲಾಕ್ಡ್ ಅಕೌಂಟಿನಲ್ಲಿ ಉಳಿಸಿದ್ದೂ ಬಂತು. ಅದರಿಂದ ಅಜ್ಜಿಯ ಬೆಂಡೋಲೆ ಬಿಡಿಸಿದ್ದೇವೆ. ಬಳೆ ಮತ್ತು ಸರ ಇನ್ನೂ ಸೊಸೈಟಿಯಲ್ಲೇ ಉಂಟು, ಕೆಲಸಕ್ಕೆ ಸೇರಿದ ಮೇಲೆ ಅವನ್ನು ನಾನೇ ಬಿಡಿಸುತ್ತೇನೆ ಅಂತ ಅಪ್ಪನಿಗೆ ಹೇಳಿದ್ದೇನೆ.